ಜರ್ಮನಿಯ ಜೋಡಿಯ ಜೊತೆ ಎಂಟು ವಾರದ ಅನುವಾದ ಕೋರ್ಸ್: ಸೇರಬಹುದಾ?

ಶಿರಸಿಯ ಮನೆಯಲ್ಲೇ ಕೂತು ಈ ಆನ್‌ಲೈನ್ ಕೋರ್ಸ್ ಮುಗಿಸಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನನ್ನ ಜೋಡಿ ಜರ್ಮನಿಯ ವಿದ್ಯಾರ್ಥಿನಿ. ನಾವಿಬ್ಬರೂ ಅನುವಾದಕ್ಕೆ ತಗೊಂಡ ಕನ್ನಡ ಕಥೆಯಲ್ಲಿ ಅಮ್ಮ ಅಪ್ಪನಿಗೆ ‘ನೀವು’ ಅನ್ನುತ್ತಾಳೆ, ಅಪ್ಪ ‘ನೀನು’ ಅನ್ನುತ್ತಾನೆ. ಇಂಗ್ಲಿಷಿನಲ್ಲಿ ಎರಡೂ ‘ಯೂ’ ಆಗಿ ಮಾಯ. ಜರ್ಮನ್‌ನಲ್ಲಿ ನೀನು ಅನ್ನೋಕೆ ‘ಡು’, ನೀವು ಅನ್ನೋಕೆ ‘ಝೀ’ ಎರಡೂ ಇವೆ ಅಲ್ವಾ, ಆದರೆ ಈಗ ಅಲ್ಲಿ ಗಂಡ ಹೆಂಡತಿ ಇಬ್ಬರೂ ‘ಡು’ ಅಂತಲೇ ಮಾತಾಡೋದು, ‘ಝೀ’ ಹಾಕಿದರೆ ಮುನಿಸಿಕೊಂಡವರ ಹಾಗೆ ಕೇಳಿಸುತ್ತೆ ಅಂದಳು. ಒಂದು ಗಂಟೆ ಇದೇ ಮಾತು. ಕಥೆಯಲ್ಲಿ ಬರೋ ತಂಬುಳಿಯನ್ನು ಸುಮ್ನೆ ‘ಸೂಪ್’ ಅಂತ ಬರೆದಿದ್ದೆ, ಬಿಸಿ ಇರುತ್ತಾ ಅಂತ ಕೇಳಿದಳು. ಒಂದೆಲಗ ಅರೆದು ಮಜ್ಜಿಗೆ ಬೆರೆಸಿ ಕ್ಯಾಮೆರಾ ಮುಂದೆಯೇ ಮಾಡಿ ತೋರಿಸಿದೆ. ಆಮೇಲೆ ‘ತಂಬುಳಿ’ ಅಂತಲೇ ಉಳಿಸಿಕೊಂಡೆವು.

ಬೇಜಾರು ಒಂದೇ, ತಿದ್ದಿದ ಪ್ರತಿ ವಾಪಸ್ ಬರೋಕೆ ಹತ್ತು ದಿನ ಹಿಡಿಯುತ್ತೆ. ನಮ್ಮ ಕಡೆಯವರು ಮಳೆಗಾಲದ ಬ್ಯಾಚ್‌ಗೆ ಸೇರಬೇಡಿ, ಕರೆಂಟ್ ಹೋದರೆ ಕ್ಲಾಸೂ ಹೋಗುತ್ತೆ.