ಟ್ರೌಟ್ ಮೀನಿಗೆ ಹೊಂದಿದ ಕೋಲು: ರೇನ್‌ಶ್ಯಾಡೊ ರೆವೆಲೇಶನ್ ಬ್ಲ್ಯಾಂಕ್, ಎರಡು ವರ್ಷದ ಬಳಕೆಯ ನಂತರ

ಎರಡು ವರ್ಷದಿಂದ ಟೆಕ್ಸಸ್‌ನ ಗಾಲ್ವೆಸ್ಟನ್ ಬಳಿಯ ವೆಸ್ಟ್ ಬೇ ಕೊಲ್ಲಿಗೆ ಮೀನು ಹಿಡಿಯಲು ಇಳಿದಾಗಲೆಲ್ಲ ನನ್ನ ಕೈಯಲ್ಲಿ ಇರುವುದು ಒಂದೇ ಗಾಳದ ಕೋಲು. ನಾನೇ ಕಟ್ಟಿದ್ದು. ಅದರ ಬ್ಲ್ಯಾಂಕ್ ಬ್ಯಾಟ್ಸನ್ ಎಂಟರ್‌ಪ್ರೈಸಸ್‌ನವರ ರೇನ್‌ಶ್ಯಾಡೊ ರೆವೆಲೇಶನ್. ಏಳಡಿ ಉದ್ದ, ಒಂದೇ ತುಂಡು. ಇದಕ್ಕೆ ಮೊದಲು ಎರಡು ಬೇರೆ ಬ್ಲ್ಯಾಂಕ್ ಕೊಂಡು ಕಟ್ಟಿದ್ದೆ. ಆ ಎರಡರ ಕಥೆಯನ್ನೂ ಹೇಳುತ್ತೇನೆ. ಅದಿಲ್ಲದೆ ಇದು ಯಾಕೆ ಇಷ್ಟವಾಯಿತು ಅನ್ನುವುದು ತಿಳಿಯುವುದಿಲ್ಲ.

ಬ್ಲ್ಯಾಂಕ್ ಅಂದರೆ ಬರೀ ಕೋಲು. ದಾರ ಹಾಯುವ ರಿಂಗ್ ಇಲ್ಲ, ಹಿಡಿ ಇಲ್ಲ, ರೀಲ್ ಕೂರಿಸುವ ಸೀಟ್ ಇಲ್ಲ. ಕಾರ್ಬನ್ ಬಟ್ಟೆಯನ್ನು ಉಕ್ಕಿನ ಸರಳಿಗೆ ಸುತ್ತಿ, ಬೇಯಿಸಿ, ಸರಳು ಎಳೆದು ತೆಗೆದ ಟೊಳ್ಳು ಕೊಳವೆ. ಉಳಿದದ್ದೆಲ್ಲ ನಾವು ಕೂರಿಸಬೇಕು. ಹಿಡಿ ಹಿಡಿಸದಿದ್ದರೆ ಬಿಚ್ಚಿ ಬೇರೆ ಹಾಕಬಹುದು, ರಿಂಗ್ ಬದಲಿಸಬಹುದು. ಬ್ಲ್ಯಾಂಕ್ ತಪ್ಪಿದರೆ ಮಾತ್ರ ಕೋಲೇ ತಪ್ಪಿದಂತೆ.

ನಾನು ಕುಂದಾಪುರದ ಪಕ್ಕದ ಗಂಗೊಳ್ಳಿಯವನು. ಚಿಕ್ಕವನಿದ್ದಾಗ ಗಾಳದ ಕೋಲಿಗೆ ಬಿದಿರು ಆರಿಸುತ್ತಿದ್ದದ್ದು ನನ್ನ ಸೋದರಮಾವ. "ಮೀನ್ ಯಾವ್ದ್ ಹೇಳ್, ಕೋಲ್ ಯಾವ್ದ್ ಹೇಳ್ತೆ" ಅನ್ನುತ್ತಿದ್ದರು. ಹ್ಯೂಸ್ಟನ್ನಿಗೆ ಬಂದು ಮೊದಲ ಬ್ಲ್ಯಾಂಕ್ ಕೊಂಡಾಗ ನಾನು ಈ ಮಾತನ್ನು ಮರೆತಿದ್ದೆ. ಅಂಗಡಿಯವರು "ಉಪ್ಪುನೀರಿಗೆ ತಾನೇ, ಗಟ್ಟಿ ಇರಲಿ" ಎಂದರು. ಮೀಡಿಯಂ ಹೆವಿ, ಅಂದರೆ ಸುಲಭಕ್ಕೆ ಬಾಗದ ಬಿರುಸು ಕೋಲು, ಎಂದು ಬರೆದಿದ್ದನ್ನು ತಂದೆ.

ಇಲ್ಲಿ ನಾನು ಜಾಸ್ತಿ ಹಿಡಿಯುವುದು ಸ್ಪೆಕಲ್ಡ್ ಟ್ರೌಟ್. ಹೆಸರು ಟ್ರೌಟ್ ಅಂತಿದ್ದರೂ ಅದು ಹೊಳೆಯ ಟ್ರೌಟ್ ಅಲ್ಲ, ನಮ್ಮ ಕಲ್ಲೂರು ಮೀನಿನ ಬಳಗದ್ದು. ಅದರ ಬಾಯಿ ಕಾಗದದ ಹಾಗೆ ತೆಳು. ಕೋಲು ಬಿರುಸಾಗಿದ್ದರೆ, ಮೀನು ತಲೆ ಕೊಡವಿದ ಕೂಡಲೆ ಗಾಳ ಚರ್ಮ ಹರಿದುಕೊಂಡು ಹೊರಗೆ ಬರುತ್ತದೆ. ಒಂದು ಬೆಳಿಗ್ಗೆ ಹನ್ನೊಂದು ಟ್ರೌಟ್ ಕಚ್ಚಿದವು. ಏಳು ನನ್ನ ಹತ್ತಿರ ಬರುವ ಮೊದಲೇ ಬಿಟ್ಟುಹೋದವು. ಅವು ಬಾಯಿ ಹರಿದುಕೊಂಡು ಹೋದವಲ್ಲ ಎಂದು ಮನಸ್ಸಿಗೆ ತುಂಬಾ ನೋವಾಯಿತು. ಟೆಕ್ಸಸ್‌ನಲ್ಲಿ 2024ರಿಂದ ದಿನಕ್ಕೆ ಮೂರೇ ಟ್ರೌಟ್ ಇಟ್ಟುಕೊಳ್ಳಬಹುದು, ಸಾಮಾನ್ಯವಾಗಿ 15ರಿಂದ 20 ಇಂಚಿನೊಳಗಿನವು. ಉಳಿದವನ್ನು ಬಿಡಲೇಬೇಕು. ಬಿಡುವ ಮೀನು ಬದುಕಬೇಕು ಅಲ್ವಾ?

ಎರಡನೆಯದಕ್ಕೆ ದುಡ್ಡು ಜಾಸ್ತಿ ಸುರಿದೆ. ಹೈ ಮಾಡ್ಯುಲಸ್ ಕಾರ್ಬನ್, ಅಂದರೆ ಎಳೆಗಳ ಬಿಗಿ ಜಾಸ್ತಿ ಇರುವುದು, ಹೂವಿನಷ್ಟು ಹಗುರ. ಮರಳಿನ ಮೇಲೆ ಜಿಗ್ (ತಲೆಗೆ ಭಾರ ಎರೆದ ಗಾಳ) ತಗುಲಿದ್ದೂ ಕೈಗೆ ಗೊತ್ತಾಗುತ್ತಿತ್ತು. ನಾಲ್ಕು ತಿಂಗಳು ಖುಷಿಯಾಗಿ ಬಳಸಿದೆ. ಒಂದು ದಿನ ರೆಡ್‌ಫಿಶ್ ಕಾಲ ಬಳಿ ಬಂದಾಗ ಕೋಲನ್ನು ನೆಟ್ಟಗೆ ಮೇಲಕ್ಕೆ ಎತ್ತಿ ಹಿಡಿದೆ. ಟಪ್ ಅಂತ ಮುರಿಯಿತು. ತಪ್ಪು ನನ್ನದೇ. ಹಾಗೆ ಎತ್ತಿದಾಗ ಇಡೀ ಭಾರ ತುದಿಯ ಸಣ್ಣ ಭಾಗಕ್ಕೆ ಬೀಳುತ್ತದೆ, ಬುಡಕ್ಕೆ ಕೆಲಸವೇ ಇರುವುದಿಲ್ಲ. ಮಾಡ್ಯುಲಸ್ ಏರಿದಷ್ಟೂ ಕಡಿಮೆ ಕಾರ್ಬನ್‌ನಲ್ಲಿ ಅದೇ ಬಿಗಿ ಸಿಗುತ್ತದೆ, ಅದಕ್ಕೇ ಕೋಲು ಹಗುರ. ಆದರೆ ಗೋಡೆ ತೆಳುವಾಗುತ್ತದೆ, ಪೆಟ್ಟು ತಾಳುವುದಿಲ್ಲ. ಸೊಂಟದವರೆಗಿನ ನೀರಲ್ಲಿ ಒಬ್ಬನೇ ನಿಂತು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಲೆ ಹಿಡಿಯುವವನಿಂದ ಇಂಥ ತಪ್ಪು ಮತ್ತೆ ಆಗದೇ ಇರದು. ನನಗೆ ಅದು ಬೇಡ ಅನ್ನಿಸಿತು.

ಮೂರನೆಯದನ್ನು ಕೊಳ್ಳುವ ಮೊದಲು ಅಳತೆ ಮಾಡುವುದು ಕಲಿತೆ. ಬ್ಲ್ಯಾಂಕ್ ಮೇಲೆ ಬಲಕ್ಕೆ ಬರೆಯುವ ಮೀಡಿಯಂ, ತುದಿಯ ಕಡೆಗೇ ಬಾಗುತ್ತದೆ ಎನ್ನಲು ಬರೆಯುವ ಫಾಸ್ಟ್ ಅನ್ನುವ ಮಾತಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಹೆವಿ. ವಿಲಿಯಂ ಹ್ಯಾನಮನ್ ಎಂಬ ಅಮೆರಿಕದವರು ಇದಕ್ಕೆ ಕಾಮನ್ ಸೆಂಟ್ಸ್ ಸಿಸ್ಟಮ್ ಅನ್ನುವ ಸುಲಭ ದಾರಿ ಮಾಡಿಕೊಟ್ಟಿದ್ದಾರೆ. ಕೋಲಿನ ಬುಡವನ್ನು ಮೇಜಿಗೆ ಅಡ್ಡಲಾಗಿ ಬಿಗಿಯಬೇಕು. ತುದಿಗೆ ಒಂದು ಚೀಲ ನೇತುಹಾಕಿ ಭಾರ ತುಂಬುತ್ತಾ ಹೋಗಬೇಕು. ತುದಿ ಕೋಲಿನ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗೆ ಬಂದಾಗ ನಿಲ್ಲಿಸಬೇಕು. ಆ ಭಾರವೇ ಕೋಲಿನ ಬಲ. ಅವರು ಭಾರಕ್ಕೆ ಬಳಸಿದ್ದು ಒಂದು ಸೆಂಟಿನ ನಾಣ್ಯ. 1982ರ ಈಚಿನ ನಾಣ್ಯ ಒಂದಕ್ಕೆ ಎರಡೂವರೆ ಗ್ರಾಂ ತೂಗುತ್ತದೆ. ನಾನು ಸೋನಾ ಮಸೂರಿ ಅಕ್ಕಿ ತುಂಬಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಏಳಡಿ ಅಂದರೆ 84 ಇಂಚು, ತುದಿ 28 ಇಂಚು ಇಳಿಯಬೇಕು. ಗೋಡೆ ಮೇಲೆ ಪೆನ್ಸಿಲ್ ಗೆರೆ ಹಾಕಿಕೊಂಡರೆ ಸಾಕು.

ನನ್ನ ಮೊದಲ ಬಿರುಸು ಕೋಲು 610 ಗ್ರಾಂ ಕೇಳಿತು. ಗೆಳೆಯನೊಬ್ಬನ ಹಳೆಯ ಕೋಲು ನನಗೆ ಯಾವತ್ತೂ ಇಷ್ಟ, ಅದನ್ನು ತಂದು ಅಳೆದೆ. 440 ಬಂತು. ಅಲ್ಲಿಗೆ ನನಗೆ ಬೇಕಾದ್ದು ಏನು ಅಂತ ಗೊತ್ತಾಯಿತು. ನೀವೂ ಹೀಗೇ ಮಾಡಿ. ಮೊದಲು ಕೈಗೆ ಹಿಡಿಸಿದ ಕೋಲನ್ನು ಅಳೆಯಿರಿ, ಆಮೇಲೆ ಆ ಸಂಖ್ಯೆ ಹಿಡಿದುಕೊಂಡು ಬ್ಲ್ಯಾಂಕ್ ಹುಡುಕಿ. ಮಾರುವವರನ್ನು ಕೇಳಿ, ಕೆಲವರು ಅಳೆದು ಇಟ್ಟಿರುತ್ತಾರೆ.

ರೆವೆಲೇಶನ್ ಮನೆಗೆ ಬಂದ ದಿನವೇ ಅಳೆದೆ. 430 ಗ್ರಾಂ. ಬಾಗುವುದು ಮೇಲಿನ ಮೂರನೇ ಒಂದು ಭಾಗದಲ್ಲಿ, ಆಮೇಲೆ ಬಲ ಮೆಲ್ಲನೆ ಬುಡಕ್ಕೆ ಇಳಿಯುತ್ತದೆ. ಇದರ ಕಾರ್ಬನ್ ಅವರು ಆರ್‌ಎಕ್ಸ್‌7 ಎಂದು ಕರೆಯುವ ದರ್ಜೆ, ಅವರ ಸಾಲಿನಲ್ಲಿ ಮಧ್ಯದ್ದು. ಇನ್ನೂ ಹಗುರವಾದವು ಅವರಲ್ಲೇ ಇವೆ. ನೀರಲ್ಲಿ ನಡೆಯುವವರಿಗೆ ಇದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಕಾಲಡಿಯಲ್ಲಿ ಬಾಲದ ಮುಳ್ಳು ಚುಚ್ಚುವ ತೊರಕೆ ಮೀನು ಇರಬಹುದೆಂದು ಪಾದ ಎಳೆಯುತ್ತಾ ನಾಲ್ಕು ಗಂಟೆ ನಡೆದು ಎಸೆದರೂ ಮಣಿಕಟ್ಟು ನೋಯಲಿಲ್ಲ.

ನಾನು ಎಸೆಯುವುದು ಏಳು ಗ್ರಾಂ ಜಿಗ್‌ಗೆ ಸಿಕ್ಕಿಸಿದ ರಬ್ಬರ್ ಮೀನು, ಚಳಿಗಾಲದಲ್ಲಿ ಮೂರೂವರೆ ಗ್ರಾಂ. ಎರಡಕ್ಕೂ ತುದಿ ಚೆನ್ನಾಗಿ ಬಾಗಿ ದೂರ ಎಸೆಯುತ್ತದೆ. ನೀರ ಮೇಲೆ ಓಡಾಡಿಸುವ ಹದಿನಾಲ್ಕು ಗ್ರಾಂ ಹುಸಿ ಮೀನು, ಅಂದರೆ ಲ್ಯೂರ್‌ಗೂ ಸೈ. 28 ಗ್ರಾಂ ಸೀಸ ಕಟ್ಟಿ ಎಸೆಯುವವರು ಇದನ್ನು ಕೊಳ್ಳಬೇಡಿ, ಇದು ಆ ಕೆಲಸಕ್ಕೆ ಮಾಡಿದ್ದಲ್ಲ. ಟ್ರೌಟ್ ತಲೆ ಕೊಡವಿದಾಗ ತುದಿ ಜೊತೆಗೇ ಬಾಗುತ್ತದೆ, ದಾರ ಸಡಿಲವಾಗುವುದಿಲ್ಲ. ಈಗ ಹತ್ತು ಕಚ್ಚಿದರೆ ಎಂಟು ಕೈಗೆ ಬರುತ್ತವೆ. ಕಳೆದ ನವೆಂಬರ್‌ನಲ್ಲಿ 27 ಇಂಚಿನ ರೆಡ್‌ಫಿಶ್ ಕೂಡ ಬಂತು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೇ.

ಕಟ್ಟುವವರಿಗೆ ಇನ್ನೆರಡು ಮಾತು. ರೀಲ್ ಸೀಟಿನ ಹಿಂದೆ ಹಿಡಿ ಉದ್ದ ಬಿಟ್ಟರೆ ನೀರಿಗೆ ತಾಗುತ್ತಲೇ ಇರುತ್ತದೆ. ನಾನು ಎಂಟು ಇಂಚು ಬಿಟ್ಟೆ, ಜಾಸ್ತಿಯಾದ ಎರಡು ಇಂಚನ್ನು ಬುಡದಲ್ಲಿ ಕತ್ತರಿಸಿದೆ. ಎಂದೂ ತುದಿ ಕತ್ತರಿಸಬೇಡಿ. ಒಂದೆರಡು ಇಂಚು ಹೋದರೂ ಕೋಲಿನ ಗುಣವೇ ಬದಲಾಗಿ ಬಿರುಸಾಗುತ್ತದೆ. ರಿಂಗ್‌ಗೆ ಟೈಟೇನಿಯಂ ಚೌಕಟ್ಟಿನದೇ ಹಾಕಿ, ಉಪ್ಪಿಗೆ ತುಕ್ಕು ಹಿಡಿಯುವುದಿಲ್ಲ. ಬ್ಲ್ಯಾಂಕ್‌ನಲ್ಲಿ ಉಳಿಸಿದ ದುಡ್ಡು ಅಲ್ಲಿ ಖರ್ಚಾಗಲಿ. ನಾನು ತುದಿಯದು ಬಿಟ್ಟು ಏಳು ರಿಂಗ್ ಹಾಕಿದ್ದೇನೆ. ಅವನ್ನು ನೂಲು ಸುತ್ತಿ ಕಟ್ಟುವ ಮೊದಲು ಟೇಪಿನಲ್ಲಿ ಅಂಟಿಸಿ, ಭಾರ ಕಟ್ಟಿ ಬಾಗಿಸಿ, ಬಾಗಿದ ಗೆರೆಗೆ ಸರಿಯಾಗಿ ಜಾಗ ಹೊಂದಿಸಿದೆ. ಈ ಕೆಲಸಕ್ಕೆ ಒಂದು ಇಡೀ ಸಂಜೆ ಹೋಯಿತು.

ಆ 610 ಗ್ರಾಮಿನ ಕೋಲನ್ನು ಯಾರಿಗೂ ಕೊಟ್ಟಿಲ್ಲ. ಊರಿನಲ್ಲಿ ಪಂಚಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ, ಕಲ್ಲಿನ ಸಂದಿಯಲ್ಲಿ ಕೆಂಬೇರಿ ಇರುತ್ತದೆ. ಕಚ್ಚಿದ ಕೂಡಲೆ ಕಲ್ಲಿನೊಳಗೆ ನುಗ್ಗುವ ಮೀನು. ಅದನ್ನು ತಡೆಯಲು ಅಂಥ ಬಿರುಸೇ ಬೇಕು. ಆದರೆ 213 ಸೆಂಟಿಮೀಟರಿನ ಒಂಟಿ ಕೋಲನ್ನು ವಿಮಾನದಲ್ಲಿ ಒಯ್ಯುವುದು ದೊಡ್ಡ ತಲೆನೋವು. ಅದಕ್ಕೇ ಈಗ ಅದೇ ಬಲದ, ಎರಡು ತುಂಡಿನ ಬ್ಲ್ಯಾಂಕ್ ಹುಡುಕುತ್ತಿದ್ದೇನೆ. ಡಿಸೆಂಬರಿನಲ್ಲಿ ಗಂಗೊಳ್ಳಿಗೆ ಹೊರಡುವ ಮೊದಲು ಕಟ್ಟಿ ಮುಗಿಸಬೇಕು. ಮಾವನಿಗೆ ಈಗ ಎಪ್ಪತ್ತೆಂಟು. ಫೋನಿನಲ್ಲಿ ಹೇಳಿದಾಗ "ತಕಂಡ್ ಬಾ, ಬಗ್ಸಿ ಕಾಂಬ" ಅಂದರು.