ಪರ್ತ್‌ನಿಂದ ಲಂಡನ್‌: ಒಂದೇ ಹಾರಾಟವೋ, ನಡುವೆ ಇಳಿದು ಹತ್ತುವುದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೇರ ವಿಮಾನಕ್ಕೆ. 300 ಡಾಲರ್ ಉಳಿಸಲು ಹೋಗಿ ಕೈಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

ಪರ್ತ್‌ನಿಂದ ಲಂಡನ್‌ ಸುಮಾರು 14,500 ಕಿ.ಮೀ. 2018ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಸ್ ಇಷ್ಟು ದೂರವನ್ನು ಒಂದೇ ಉಸಿರಿಗೆ ಹಾರಲು ಶುರುಮಾಡಿತು, 17 ಗಂಟೆ ಚಿಲ್ಲರೆ. ಮರಳುವಾಗ ಗಾಳಿ ಬೆನ್ನಿಗಿರುವುದರಿಂದ ಸ್ವಲ್ಪ ಬೇಗ. ನಡುವೆ ಇಳಿಯುವುದಾದರೆ ದುಬೈ, ಸಿಂಗಪುರ ಇವೆ. ತಮಾಷೆ ಏನೆಂದರೆ, ಪರ್ತ್‌–ದುಬೈ 9,000 ಕಿ.ಮೀ., ದುಬೈ–ಲಂಡನ್‌ 5,500. ಕೂಡಿಸಿ ನೋಡಿ, ಹೆಚ್ಚುಕಡಿಮೆ ಅಷ್ಟೇ! ಸಿಂಗಪುರದ ಮೇಲೆ ಹೋದರೂ ಸುತ್ತು 300 ಕಿ.ಮೀ. ಆಸುಪಾಸು, ಆಕಾಶದಲ್ಲಿ ಇಪ್ಪತ್ತು ನಿಮಿಷದ ದಾರಿ. ಆದರೂ ನನ್ನ ಅಗ್ಗದ ಟಿಕೆಟ್ಟಿನಲ್ಲಿ 22 ಗಂಟೆ ಎಂದಿತ್ತು. ಹೆಚ್ಚುವರಿ ಹೊತ್ತೆಲ್ಲ ಕಳೆದದ್ದು ನೆಲದ ಮೇಲೆ.

ಆ ನೆಲದ ಕಥೆ ಕೇಳಿ. ಇಳಿದ ಊರಿನ ಹೆಸರು ಬೇಡ. ಮೊದಲ ವಿಮಾನ ಐವತ್ತು ನಿಮಿಷ ತಡ. ನಿದ್ದೆ ಹತ್ತಿದ್ದೇ ಆಗ, ಎಬ್ಬಿಸಿ ಇಳಿಸಿದರು. ಗೇಟು ಬದಲಾಗಿತ್ತು. ಓಡುತ್ತಾ ಹೋದರೆ ಎದುರಿಗೆ ಮತ್ತೊಮ್ಮೆ ಸೆಕ್ಯೂರಿಟಿಯ ಸಾಲು. ಅಕ್ಕನಿಗೆಂದು ಪರ್ತ್‌ ನಿಲ್ದಾಣದ ಒಳಗೆ ಜರ್ರಾ ಜೇನಿನ (ಅಲ್ಲಿನ ಜರ್ರಾ ಮರದ ಹೂವಿನ ಜೇನು) ಜಾಡಿ ಕೊಂಡಿದ್ದೆ. ಸೀಲ್ ಮಾಡಿಕೊಟ್ಟ ಚೀಲವನ್ನು, ಬ್ಯಾಗಿನಲ್ಲಿ ಹಿಡಿಸಲಿ ಎಂದು, ಹರಿದವನು ನಾನೇ. ಸೀಲ್ ಹರಿದ ಮೇಲೆ 100 ಮಿ.ಲೀ. ದಾಟಿದ ದ್ರವ ಬಿಡುವುದಿಲ್ಲ ಎಂದರು ತಪಾಸಣೆಯಾಕೆ. ಜೇನು ದ್ರವ ಅಲ್ಲವಲ್ಲ, ಗಟ್ಟಿ ಪದಾರ್ಥ ಎಂದು ವಾದಕ್ಕೆ ನಿಂತೆ. ಆದರೆ ಜರ್ರಾ ಜೇನು ಬೇಗ ಹರಳುಗಟ್ಟುವುದಿಲ್ಲ ನೋಡಿ! ಆಕೆ ಜಾಡಿಯನ್ನು ಮೆಲ್ಲಗೆ ಓರೆ ಮಾಡಿದರು. ಕಡುಕಂದು ಜೇನು ನಿಧಾನವಾಗಿ ಮುಚ್ಚಳದತ್ತ ಜಾರಿತು. ನನ್ನ ವಾದವೂ ಅದರ ಜೊತೆಗೇ ಜಾರಿತು. ಜಾಡಿ ಡಬ್ಬಕ್ಕೆ ಹೋಯಿತು, ನಾನು ಕೊನೆಯ ಪ್ರಯಾಣಿಕನಾಗಿ ವಿಮಾನ ಹತ್ತಿದೆ. ಲಂಡನ್‌ವರೆಗೂ ಕಣ್ಣು ಮುಚ್ಚಲಿಲ್ಲ.

1947ರಲ್ಲಿ ಕ್ವಾಂಟಸ್ ವಿಮಾನ ಸಿಡ್ನಿಯಿಂದ ಕಲ್ಕತ್ತಾ, ಕರಾಚಿ, ಕೈರೋ ಎಂದು ಇಳಿಯುತ್ತಾ ಲಂಡನ್‌ಗೆ ನಾಲ್ಕು ದಿನಕ್ಕೆ ತಲುಪುತ್ತಿತ್ತಂತೆ. ಆಗಿನ ಪ್ರಯಾಣಿಕರು ನನ್ನ ಗೋಳು ಕೇಳಿದರೆ ನಕ್ಕಾರು.

ನೇರ ಹೋದರೂ ಇಳಿದು ಹತ್ತಿದರೂ ಊಟ ಒಂದೇ.

ನೇರ ವಿಮಾನದಲ್ಲೂ ಕಷ್ಟ ಇಲ್ಲದಿಲ್ಲ. ಸಾಲಿಗೆ ಮೂರು–ಮೂರು–ಮೂರು ಸೀಟು. ನಡುವಿನದು ಸಿಕ್ಕರೆ ಹದಿನೇಳು ಗಂಟೆ ಪಕ್ಕದವರ ದಯೆಯಲ್ಲಿ ಬದುಕಬೇಕು. ನಾನು ದುಡ್ಡು ಕೊಟ್ಟಾದರೂ ನಡೆದಾರಿಯ ಪಕ್ಕದ ಸೀಟೇ ಹಿಡಿಯುತ್ತೇನೆ. ಒಮ್ಮೆ ನಿದ್ದೆ ಕೆಟ್ಟರೆ ಮತ್ತೆ ಬಾರದ ಜಾತಿ ನನ್ನದು, ವರ್ಷಕ್ಕೊಂದೇ ಸಲ ಹೋಗುವವನು, ಹಾಗಾಗಿ 300 ಡಾಲರ್ ನುಂಗಿಕೊಳ್ಳಬಲ್ಲೆ. ನಾಲ್ಕು ಟಿಕೆಟ್ ಕೊಳ್ಳುವ ಸಂಸಾರವಂದಿಗರಿಗೆ ಈ ಮಾತು ಹೇಳುವ ಧೈರ್ಯ ನನಗಿಲ್ಲ. ಮಂಡಿನೋವಿರುವ ಅಪ್ಪನನ್ನು ಕರೆದೊಯ್ಯುವುದಾದರೆ ನಾನೂ ನಡುವೆ ಇಳಿಸಿ, ನಾಲ್ಕು ಗಂಟೆ ಬಿಡುವಿಟ್ಟುಕೊಂಡು ಓಡಾಡಿಸಿಯೇನು.

ಕಳೆದ ಸಲ ನೇರ ಹೋದೆ. ಜೇನು ಅಕ್ಕನ ಅಡುಗೆಮನೆ ಸೇರಿತು. ನನ್ನ ಪಾದ ಮಾತ್ರ ಮಾರನೆಯ ದಿನವೂ ಬೂಟಿಗೆ ಹಿಡಿಸಲಿಲ್ಲ.