ಹಾಸನದ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಓನ್ ಜಾಫರ್

ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಬೋರ್ಡೇ ಇಲ್ಲದ ಒಂದು ಹಳೇ ಪುಸ್ತಕದಂಗಡಿ ಇದೆ. ಮುಂದೆಲ್ಲ ಪಿಯುಸಿ ಗೈಡುಗಳ ರಾಶಿ, ಅದನ್ನು ದಾಟಿ ಒಳಗೆ ಹೋದರೆ ಒಳ್ಳೇ ಪುಸ್ತಕ ಸಿಗುತ್ತವೆ. ಬೇಲೂರಿಂದ ಹಾಸನಕ್ಕೆ ಬಂದಾಗಲೆಲ್ಲ ಹೋಗುತ್ತೇನೆ.

ಹೋದ ವಾರ ಸುಮ್ನೆ ಹುಡುಕುತ್ತಿದ್ದಾಗ ಮಲಯಾದ (ಈಗ ಮಲೇಷಿಯಾದ ಭಾಗ) ರಾಜಕೀಯ ನಾಯಕ ಓನ್ ಜಾಫರ್ ಅವರ ಜೀವನಚರಿತ್ರೆ ಸಿಕ್ಕಿತು. ಇಂಗ್ಲಿಷ್ ಪುಸ್ತಕ, 80 ರೂಪಾಯಿ. "ಮಧ್ಯದಲ್ಲಿ ನಾಲ್ಕು ಹಾಳೆ ಇಲ್ಲ ಸಾರ್, ನೋಡ್ಕೊಂಡು ತಗೊಳ್ಳಿ" ಅಂತ ಅಂಗಡಿಯವರೇ ಹೇಳಿದರು. ಹೀಗೆ ಮುಂಚೆನೇ ಹೇಳುವವರು ಕಡಿಮೆ ಅಲ್ವಾ?

ಎರಡೇ ರಾತ್ರಿಯಲ್ಲಿ ಓದಿದೆ. ಓನ್ ಹುಟ್ಟಿದ್ದು 1895ರಲ್ಲಿ, ಜೊಹೊರ್ ಸಂಸ್ಥಾನದಲ್ಲಿ. ಅಪ್ಪ ಅಲ್ಲಿನ ಮೊದಲ ಮೆಂತ್ರಿ ಬೆಸಾರ್, ಅಂದರೆ ನಮ್ಮ ಮೈಸೂರಿನ ದಿವಾನರಂಥ ಹುದ್ದೆ. ಅಂಥ ಮನೆತನದ ಹುಡುಗ ಸುಲ್ತಾನರ ವಿರುದ್ಧವೇ ಬರೆದು, ಊರು ಬಿಟ್ಟು, ಸಿಂಗಪುರದಲ್ಲಿ 'ವಾರ್ತಾ ಮಲಯಾ' ಪತ್ರಿಕೆಯ ಸಂಪಾದಕನಾದ. ಈ ಭಾಗ ನನಗೆ ತುಂಬಾ ಹಿಡಿಸಿತು.

1946ರಲ್ಲಿ ಬ್ರಿಟಿಷರು ಸುಲ್ತಾನರ ಅಧಿಕಾರ ಕಿತ್ತುಕೊಂಡು, ವಲಸೆ ಬಂದ ಚೀನೀಯರಿಗೂ ಭಾರತೀಯರಿಗೂ ಸುಲಭವಾಗಿ ಪೌರತ್ವ ಕೊಡುವ 'ಮಲಯನ್ ಯೂನಿಯನ್' ತಂದಾಗ, ಮಲಯರು ಟೋಪಿಗೆ ಸಾವಿನ ಬಿಳಿ ಬಟ್ಟೆ ಸುತ್ತಿಕೊಂಡು ಪ್ರತಿಭಟಿಸಿದರು. ಅವರ ನಾಯಕ ಓನ್. ಅದೇ ವರ್ಷ ಮೇ ತಿಂಗಳಲ್ಲಿ 'ಉಮ್ನೋ' ಪಕ್ಷ ಕಟ್ಟಿದರು, ಮುಂದೆ ಅಪ್ಪನ ಹುದ್ದೆಗೂ ಏರಿದರು. 1948ಕ್ಕೆ ಯೂನಿಯನ್ ರದ್ದಾಯಿತು.

ಆಮೇಲಿನದು ಓದಿ ನಿದ್ದೆ ಬರಲಿಲ್ಲ. ಮಲಯರ ಹಕ್ಕಿಗಾಗಿ ಕಟ್ಟಿದ ಪಕ್ಷದ ಬಾಗಿಲನ್ನು ಎಲ್ಲ ಜನಾಂಗದವರಿಗೂ ತೆಗೆಯಿರಿ ಅಂತ ಅದೇ ಮನುಷ್ಯ ಕೇಳಿದರು. ಪಕ್ಷದವರು ಒಪ್ಪಲಿಲ್ಲ. 1951ರಲ್ಲಿ ತಾನೇ ಕಟ್ಟಿದ್ದನ್ನು ಬಿಟ್ಟು ಹೊಸ ಪಕ್ಷ ಮಾಡಿದರು, ಅದು ಬೆಳೆಯಲಿಲ್ಲ. 1957ರಲ್ಲಿ ಸ್ವಾತಂತ್ರ್ಯ ಬಂದಾಗ ಪ್ರಧಾನಿಯಾದವರು ಉಮ್ನೋದಲ್ಲಿ ಅವರ ಜಾಗಕ್ಕೆ ಬಂದಿದ್ದ ತುಂಕು ಅಬ್ದುಲ್ ರಹಮಾನ್. ಓನ್ 1962ರಲ್ಲಿ ತೀರಿಕೊಂಡರು. ಮಗ ಹುಸೇನ್ ಓನ್ ಮುಂದೆ ಮಲೇಷಿಯಾದ ಮೂರನೇ ಪ್ರಧಾನಿಯಾದರು. ಮನಸ್ಸು ಬದಲಾಯಿಸಿಕೊಂಡು ಅದಕ್ಕೆ ಬೆಲೆ ತೆತ್ತವರು ನನಗೆ ಗೆದ್ದವರಿಗಿಂತ ಜಾಸ್ತಿ ಇಷ್ಟ.

ಅಂಗಡಿಯಲ್ಲಿ ಧೂಳು ಜಾಸ್ತಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಫೋನ್‌ಪೇ ನಡೆಯುತ್ತೆ. ಓದಿ ವಾಪಸ್ ತಂದರೆ ಅರ್ಧ ಬೆಲೆ ಕೊಡುತ್ತಾರೆ. ಈ ಪುಸ್ತಕ ಮಾತ್ರ ನಾನು ಕೊಡಲ್ಲ.